ಜ್ವರಕ್ಕೆ ಕೂತ ಹುಳಕ್ಕೆ ಯಾರೂ ಸೊಪ್ಪು ಹಾಕಲ್ಲ

ವಿಡಿಯೋ ಗೇಮ್ ಬಗ್ಗೆ ಪ್ರಶ್ನೆ ಕಳಿಸಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯಿಂದಲೇ ಜಾಸ್ತಿ ಪತ್ರ ಬಂದಿವೆ. ಕೇಳಿದ ರೀತಿ ಬೇರೆ ಬೇರೆ. ಆದರೆ ಬಹಳಷ್ಟು ಪತ್ರ ಒಂದೇ ಕಡೆ ಬಂದು ನಿಲ್ಲುತ್ತವೆ: ದೊಡ್ಡವರೂ ಕೂತು ಆಡುವಂಥ ಆಟ ಮಾಡೋದು ಹೇಗೆ? ನಾನು 11 ವರ್ಷ ಬೆಂಗಳೂರಿನಲ್ಲಿ ಮೊಬೈಲ್ ಗೇಮ್ ಮಾಡಿದವಳು. ಈಗ ಶಿಡ್ಲಘಟ್ಟದ ಹತ್ತಿರ ನಮ್ಮ ಊರಿನಲ್ಲೇ ಇದ್ದೇನೆ. ರೇಷ್ಮೆ ಹುಳು ಸಾಕುವ ಮನೆಯ ಬಗ್ಗೆ ಒಂದು ಸಣ್ಣ ಆಟ ಮಾಡುತ್ತಿದ್ದೇನೆ. ನನಗೆ ಗೊತ್ತಿರುವುದನ್ನು ಅಲ್ಲಿಂದಲೇ ಹೇಳುತ್ತೇನೆ.

ಪ್ರಶ್ನೆ: ನನಗೆ 54 ವರ್ಷ, ಶಾಲಾ ಶಿಕ್ಷಕಿ. ಮಗ ಆಡೋ ಗೇಮ್ ಒಂದೆರಡು ಸಲ ಕೈಗೆ ತಗೊಂಡೆ. ಎಲ್ಲಿ ನೋಡ್ತಿದೀನಿ, ಎಲ್ಲಿ ಹೋಗ್ತಿದೀನಿ ಒಂದೂ ತಿಳಿಯಲಿಲ್ಲ. ನಮ್ಮಂಥವರಿಗೆ ಅಂತ ಯಾರೂ ಆಟ ಮಾಡಲ್ವಾ?
*ಓದುಗರು, ಚಿಂತಾಮಣಿ*

ನಿಮ್ಮದೇನೂ ತಪ್ಪಿಲ್ಲ ಟೀಚರ್. ಕೈಯಲ್ಲಿ ಹಿಡಿದು ಆಡುವ ಆ ಕಂಟ್ರೋಲರ್‌ನಲ್ಲಿ ಎರಡು ಕಡ್ಡಿ ಇರುತ್ತವೆ. ಎಡಗೈ ಹೆಬ್ಬೆರಳು ನಡೆಸುತ್ತದೆ, ಬಲಗೈ ಹೆಬ್ಬೆರಳು ಕತ್ತು ತಿರುಗಿಸುತ್ತದೆ. ಉಳಿದ ಬೆರಳಿಗೆಲ್ಲ ಒಂದೊಂದು ಗುಂಡಿ. ಎಂಟನೇ ವಯಸ್ಸಿಗೆ ಕಲಿತವರಿಗೆ ಅದು ಸೈಕಲ್ ಇದ್ದ ಹಾಗೆ, ಮರೆಯೋದೇ ಇಲ್ಲ. ಕಲಿಯದೇ ಇದ್ದವರಿಗೆ ಕಲಿಸುವ ತೊಂದರೆಯನ್ನು ಹೆಚ್ಚಿನ ಆಟಗಳು ತೆಗೆದುಕೊಳ್ಳುವುದಿಲ್ಲ.

ತೆಗೆದುಕೊಂಡವರೂ ಇದ್ದಾರೆ. ಜಪಾನಿನ ತೋರು ಇವಾತಾನಿ 1980ರಲ್ಲಿ ಪ್ಯಾಕ್‌ಮ್ಯಾನ್ ಮಾಡಿದಾಗ, ಗೇಮ್ ಅಂಗಡಿಗಳಲ್ಲಿ ಬರೀ ಹುಡುಗರು ಗುಂಡು ಹಾರಿಸುತ್ತಾ ನಿಂತಿರುತ್ತಿದ್ದರು. ಹೆಂಗಸರೂ ಜೋಡಿಗಳೂ ಬರಲಿ ಅಂತ ಅವರು ತಿನ್ನುವುದನ್ನೇ ಆಟ ಮಾಡಿದರು. 2006ರಲ್ಲಿ ನಿಂಟೆಂಡೊ ಕಂಪನಿ ವೀ ಅನ್ನುವ ಯಂತ್ರ ತಂದಿತು. ಅದರ ಕಂಟ್ರೋಲರ್ ನೋಡೋಕೆ ಟಿವಿ ರಿಮೋಟ್ ಥರ. ಕೈಯಲ್ಲಿ ಹಿಡಿದು ಬೀಸಿದರೆ ಟೆನಿಸ್ ಚೆಂಡು ಹೋಗುತ್ತದೆ. ಅಜ್ಜ ಅಜ್ಜಿಯರೂ ಎದ್ದು ನಿಂತು ಆಡಿದರು. 10 ಕೋಟಿಗೂ ಹೆಚ್ಚು ಯಂತ್ರ ಮಾರಾಟವಾದವು. ಆಡುವವರನ್ನು ಬದಲಾಯಿಸಲು ಯಾರೂ ಹೋಗಲಿಲ್ಲ. ರಿಮೋಟ್ ಹಿಡಿಯೋಕೆ ಬರುವ ಕೈಗೆ ರಿಮೋಟನ್ನೇ ಕೊಟ್ಟರು.

ನನಗೆ ಇದನ್ನು ಕಲಿಸಿದ್ದು ಅಮ್ಮ. ಅವರಿಗೆ 66. ನಲವತ್ತು ವರ್ಷ ಹುಳು ಸಾಕಿದ್ದಾರೆ. ನನ್ನ ಆಟದ ಮೊದಲ ರೂಪವನ್ನು ಅವರ ಕೈಗೆ ಕೊಟ್ಟೆ. ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸುಮ್ನೆ ಕೂತರು. "ಮುಟ್ಟಿದ್ರೆ ಏನಾದ್ರೂ ಹಾಳಾಗಲ್ವಾ?" ಅಂದರು. ಮೊದಲ ಪರದೆಯಲ್ಲೇ ಐದು ಗುಂಡಿ ಇಟ್ಟಿದ್ದೆ. ಅವತ್ತೇ ಎಲ್ಲ ತೆಗೆದೆ. ಈಗ ಆಟ ತೆರೆದರೆ ನೇರವಾಗಿ ಹುಳುವಿನ ತಟ್ಟೆ, ಪಕ್ಕದಲ್ಲಿ ಹಿಪ್ಪುನೇರಳೆ ಸೊಪ್ಪು. ಬೇರೆ ಏನೂ ಇಲ್ಲ.

ಎರಡನೇ ಸಲ ಆಡುತ್ತಿರುವಾಗ ಒಲೆ ಮೇಲೆ ಹಾಲು ಉಕ್ಕಿತು. ಎದ್ದು ಹೋದರು. ವಾಪಸ್ ಬರುವಷ್ಟರಲ್ಲಿ ಸೊಪ್ಪು ಖಾಲಿ, ಅರ್ಧ ಹುಳು ಸತ್ತಿದ್ದವು. ಅಮ್ಮ ಫೋನ್ ಮಂಚದ ಮೇಲಿಟ್ಟು ಹೊರಗೆ ಹೋದರು. ಆ ಸಂಜೆ ಮತ್ತೆ ಮುಟ್ಟಲಿಲ್ಲ. ಮನೆ ನಡೆಸುವವರ ಸಮಯ ಚೂರು ಚೂರಾಗಿ ಸಿಗುತ್ತದೆ. ಹಾಲು, ಕರೆಗಂಟೆ, ಮೊಮ್ಮಗು. ಆಟ ಅವರಿಗಾಗಿ ಕಾಯಬೇಕು. ಈಗ ನನ್ನ ಆಟ ಕೆಳಗಿಟ್ಟ ತಕ್ಷಣ ನಿಲ್ಲುತ್ತದೆ.

ದೊಡ್ಡ ಪಾಠ ಆಮೇಲೆ ಬಂತು. ರೇಷ್ಮೆ ಹುಳು ಮೊಟ್ಟೆಯಿಂದ ಬಂದು ಗೂಡು ಕಟ್ಟುವ ಹೊತ್ತಿಗೆ ಹೆಚ್ಚುಕಡಿಮೆ 25 ದಿನ. ಈ ನಡುವೆ ನಾಲ್ಕು ಸಲ ಪೊರೆ ಬಿಡುತ್ತದೆ. ನಾವು ಅದಕ್ಕೆ ಜ್ವರ ಅನ್ನುತ್ತೇವೆ. ಜ್ವರಕ್ಕೆ ಕೂತಾಗ ಹುಳು ತಲೆ ಎತ್ತಿ ಅಲ್ಲಾಡದೆ ಇರುತ್ತದೆ. ಏನೂ ತಿನ್ನುವುದಿಲ್ಲ. ಇದೆಲ್ಲ ನನಗೆ ಚಿಕ್ಕಂದಿನಿಂದ ಗೊತ್ತು. ಆದರೆ ಕಂಪನಿಯಲ್ಲಿ ಕಲಿತದ್ದು ಬೇರೆ: ಮೂರು ಸೆಕೆಂಡಿಗೊಮ್ಮೆ ಬೆರಳಿಗೆ ಕೆಲಸ ಕೊಡು, ಇಲ್ಲಾಂದ್ರೆ ಜನ ಬಿಟ್ಟು ಹೋಗುತ್ತಾರೆ. ಹಾಗಾಗಿ ಜ್ವರದ ಹೊತ್ತಲ್ಲೂ "ಸೊಪ್ಪು ಹಾಕಿ, ಬೋನಸ್ ಗಳಿಸಿ" ಅಂತ ಇಟ್ಟಿದ್ದೆ. ಅಮ್ಮ ಬೆರಳು ಹಿಂದಕ್ಕೆ ತಗೊಂಡರು.

"ಜ್ವರಕ್ಕೆ ಕೂತಿರೋ ಹುಳಕ್ಕೆ ಯಾರಾದ್ರೂ ಸೊಪ್ಪು ಹಾಕ್ತಾರೇನೇ? ನಿಮ್ಮಪ್ಪ ಇದ್ದಿದ್ರೆ ಬೈತಿದ್ರು."

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನಲವತ್ತು ವರ್ಷದ ಅನುಭವ ಇರುವ ಮನುಷ್ಯರ ಕೈಯಲ್ಲಿ ನಾನು ತಪ್ಪು ಕೆಲಸ ಮಾಡಿಸಲು ನೋಡಿದ್ದೆ, ಅದೂ ಬಹುಮಾನದ ಆಸೆ ತೋರಿಸಿ. ಈಗ ಜ್ವರ ಬಂದರೆ ಪರದೆ ಮೆಲ್ಲಗೆ ಮಬ್ಬಾಗುತ್ತದೆ. ಸುಣ್ಣದ ಪುಡಿ ಉದುರಿಸಿ ಕಾಯಬೇಕು, ಅಷ್ಟೇ. ಕಾಯೋದೇ ಅಲ್ಲಿ ಆಟ. ನಾಲ್ಕು ಹುಳು ಎದ್ದವು ಅಂತ ಆತುರಪಟ್ಟು ಸೊಪ್ಪು ಹಾಕಿದರೆ ಎದ್ದವು ಬೆಳೆಯುತ್ತವೆ, ಮಿಕ್ಕವು ಹಿಂದೆ ಬೀಳುತ್ತವೆ, ಕೊನೆಗೆ ಗೂಡು ಏರುಪೇರು. ಎಲ್ಲ ಎದ್ದಿವೆಯಾ ಇಲ್ಲವಾ ಅಂತ ಅಮ್ಮ ಮತ್ತು ಪಕ್ಕದ ಮನೆಯವರು ಒಂದೇ ಫೋನಿಗೆ ತಲೆ ಹಾಕಿ ಜಗಳ ಆಡಿದರು. ನಲವತ್ತು ನಿಮಿಷ ಆಯಿತು, ಇಬ್ಬರಿಗೂ ಗೊತ್ತಾಗಲಿಲ್ಲ.

ನಿಮಗೆ ಈಗಲೇ ಆಡಬೇಕು ಅಂದ್ರೆ ಫ್ಲಾರೆನ್ಸ್ ನೋಡಿ. 2018ರಲ್ಲಿ ಮೆಲ್ಬರ್ನ್‌ನ ತಂಡವೊಂದು ಮಾಡಿದ್ದು. ಒಬ್ಬ ಹುಡುಗಿಯ ಮೊದಲ ಪ್ರೀತಿ, ಅದು ಮುಗಿದು ಹೋಗುವುದು. ಫೋನಿನಲ್ಲಿ ಒಂದು ಬೆರಳು ಸಾಕು, ಒಂದು ಸಂಜೆಯಲ್ಲಿ ಮುಗಿಯುತ್ತದೆ. ಅದರಲ್ಲಿ ಮಾತುಕತೆ ಅಂದರೆ ಚೂರುಗಳನ್ನು ಜೋಡಿಸುವುದು. ಪ್ರೀತಿ ಗಟ್ಟಿಯಾದಂತೆ ಚೂರುಗಳು ಕಡಿಮೆ ಆಗುತ್ತಾ ಹೋಗುತ್ತವೆ, ಮಾತು ಸಲೀಸಾಗುತ್ತದೆ. ಒಂದು ಸಾಲೂ ಓದದೆ ಅದು ನಿಮಗೆ ಅರ್ಥ ಆಗುತ್ತದೆ.

ಪ್ರಶ್ನೆ: ನಾವು ನಾಲ್ಕು ಜನ ಸೇರಿ ಗೇಮ್ ಮಾಡ್ತಿದೀವಿ. ದೊಡ್ಡವರಿಗೆ ಅಂದ್ಮೇಲೆ ರಕ್ತ, ಬೈಗುಳ, ಸ್ವಲ್ಪ ಬೋಲ್ಡ್ ದೃಶ್ಯ ಇರ್ಲೇಬೇಕು ಅಂತಾನೆ ಒಬ್ಬ. ನೀವೇನಂತೀರಿ?
*ಇಂಜಿನಿಯರಿಂಗ್ ವಿದ್ಯಾರ್ಥಿ, ತುಮಕೂರು*

ಈ ಗೊಂದಲಕ್ಕೆ ಒಂದು ಹಳೇ ಕಾರಣ ಇದೆ. ಅಮೆರಿಕದಲ್ಲಿ 1994ರಿಂದ ಗೇಮ್ ಡಬ್ಬಿಗಳ ಮೇಲೆ ವಯಸ್ಸಿನ ಗುರುತು ಹಾಕುತ್ತಾರೆ. 17 ತುಂಬಿದವರಿಗೆ ಅನ್ನುವ ಗುರುತಿಗೆ 'ಮೆಚ್ಯೂರ್' ಅಂತಲೇ ಹೆಸರು. ಮಕ್ಕಳಿಗೆ ಏನು ತೋರಿಸಬಾರದು ಅಂತ ಪಾಲಕರಿಗೆ ಹೇಳುವುದು ಅದರ ಕೆಲಸ. ದೊಡ್ಡವರಿಗೆ ಏನು ಬೇಕು ಅಂತ ಅದು ಹೇಳುವುದಿಲ್ಲ. ರಕ್ತ ಚೆಲ್ಲಾಡುವ ಎಷ್ಟೋ ಆಟಗಳಿಗೆ ಹುಚ್ಚಾಗಿ ಬೀಳೋರು 15ರ ಹುಡುಗರೇ, ಅಲ್ವಾ?

ನಿಮ್ಮ ಗೆಳೆಯನಿಗೆ ಎರಡು ಆಟ ಆಡಿಸಿ. ಒಂದು, 2013ರ ಪೇಪರ್ಸ್ ಪ್ಲೀಸ್. ಲೂಕಸ್ ಪೋಪ್ ಅನ್ನುವವರು ಮಾಡಿದ್ದು. ನೀವು ಒಂದು ದೇಶದ ಗಡಿಯಲ್ಲಿ ಕೂತ ಗುಮಾಸ್ತ. ಬಂದವರ ಕಾಗದ ನೋಡಿ ಮುದ್ರೆ ಒತ್ತಬೇಕು. ಎಷ್ಟು ಜನರನ್ನು ಸರಿಯಾಗಿ ನೋಡಿ ಕಳಿಸಿದಿರೋ ಅಷ್ಟು ಸಂಬಳ. ದಿನದ ಕೊನೆಗೆ ಆ ದುಡ್ಡಿನಲ್ಲಿ ಬಾಡಿಗೆ, ಮನೆಯವರ ಊಟ, ಚಳಿಗೆ ಬೆಂಕಿ, ಔಷಧಿ. ಗಂಡನ ಕಾಗದ ಸರಿ ಇದೆ, ಹೆಂಡತಿಯದು ಸರಿ ಇಲ್ಲ. ಬಿಡ್ತೀರಾ? ತಾಲ್ಲೂಕು ಕಚೇರಿ ಕಿಟಕಿಯ ಯಾವುದಾದರೂ ಒಂದು ಕಡೆ ನಿಂತಿರುವ ಎಲ್ಲರಿಗೂ ಈ ಸಂಕಟ ಗೊತ್ತು. ಇನ್ನೊಂದು, ಪೋಲೆಂಡಿನ ವಾರ್ಸಾದಲ್ಲಿ 2014ರಲ್ಲಿ ಬಂದ ದಿಸ್ ವಾರ್ ಆಫ್ ಮೈನ್. ಯುದ್ಧದ ಆಟ, ಆದರೆ ನೀವು ಸೈನಿಕರಲ್ಲ. ಮುತ್ತಿಗೆ ಬಿದ್ದ ಊರಿನಲ್ಲಿ ಅಡಗಿ ಕೂತ ಸಾಮಾನ್ಯ ಜನ. ಹಸಿವಾದಾಗ ಇನ್ನೊಬ್ಬರ ಮನೆಯಿಂದ ಅನ್ನ ಕದ್ದು ತಂದರೆ ನಿಮ್ಮವರೇ ಕೊರಗುತ್ತಾರೆ. 2020ರಲ್ಲಿ ಪೋಲೆಂಡ್ ಸರ್ಕಾರ ಇದನ್ನು ವಿದ್ಯಾರ್ಥಿಗಳ ಓದಿನ ಪಟ್ಟಿಗೆ ಸೇರಿಸುವುದಾಗಿ ಪ್ರಕಟಿಸಿತು.

ನಿಮ್ಮ ಜಿಲ್ಲೆಯಲ್ಲೇ ಇಂಥ ಕಥೆ ಎಷ್ಟಿದೆ ನೋಡಿ. ಬೋರ್‌ವೆಲ್ ತಗೊಳ್ಳಿ. ಪಾವಗಡ, ಶಿರಾ, ಮಧುಗಿರಿ ಕಡೆ ಇದನ್ನು ನೋಡದ ಮನೆ ಇಲ್ಲ. ತೆಂಗಿನಕಾಯಿ ಅಂಗೈಲಿಟ್ಟುಕೊಂಡು ಪಾಯಿಂಟ್ ತೋರಿಸುವವರು ಬರುತ್ತಾರೆ. ರಾತ್ರಿ ಲಾರಿ ಬರುತ್ತದೆ. 300 ಅಡಿ, ಬರೀ ಧೂಳು. 600 ಅಡಿ, ಧೂಳು. ಆಳ ಹೋದಂತೆ ಅಡಿಗೆ ರೇಟು ಜಾಸ್ತಿ. 900 ಅಡಿಗೆ ಡ್ರಿಲ್ ಮಾಡುವವನು ನಿಮ್ಮ ಮುಖ ನೋಡುತ್ತಾನೆ: ನಿಲ್ಲಿಸೋದಾ, ಇನ್ನೊಂದು ನೂರು ಅಡಿ ನೋಡೋದಾ? ಮನೆಯೊಳಗೆ ಹೆಂಡತಿಯ ಸರ ಇದೆ. ಮಗಳ ಫೀಸಿಗೆ ಇಟ್ಟ ದುಡ್ಡು ಇದೆ. ಒಂದೇ ಗುಂಡಿ ಸಾಕು, 'ಇನ್ನೂ ಹತ್ತು ಅಡಿ'. ಗ್ರಾಫಿಕ್ಸ್ ಬೇಡ, ರಿಗ್ಗಿನ ಸದ್ದು, ಬೀಳುವ ಪುಡಿಯ ಬಣ್ಣ, ಸುತ್ತ ನಿಂತವರ ಮಾತು ಇದ್ದರೆ ಸಾಕು. ಅಪ್ಪನ ವಯಸ್ಸಿನವರ ಕೈಗೆ ಕೊಡಿ. ಬೆರಳು ನಡುಗುತ್ತದೆ, ನಾನು ಮಾತು ಕೊಡುತ್ತೇನೆ.

ಬೈಗುಳ ಬೇಡವೇ ಬೇಡ ಅಂತಲ್ಲ. 900 ಅಡಿಯಲ್ಲಿ ಧೂಳು ಬಂದರೆ ಮನುಷ್ಯ ಬೈಯುತ್ತಾನೆ. ಅಲ್ಲಿ ಬರಲಿ.

ಪ್ರಶ್ನೆ: ನಾನು ಕೆಜಿಎಫ್ ಹುಡುಗ. ತಾತ ಗಣಿಯಲ್ಲಿ ಕೆಲಸ ಮಾಡ್ತಿದ್ರು. ಗಣಿ ಮೇಲೇ ಗೇಮ್ ಮಾಡಿದೀನಿ, ಚಿನ್ನ ಅಗೆದು ಪಾಯಿಂಟ್ ಗಳಿಸೋದು. ಫ್ರೆಂಡ್ಸ್‌ಗೆಲ್ಲ ಇಷ್ಟ ಆಯ್ತು. ಅಪ್ಪ ಮಾತ್ರ ಎರಡು ನಿಮಿಷ ನೋಡಿ ಎದ್ದು ಹೋದ್ರು. ಯಾಕೆ ಅಂತ ಕೇಳೋಕೆ ಧೈರ್ಯ ಆಗ್ಲಿಲ್ಲ.
*ಓದುಗರು, ಕೆಜಿಎಫ್*

ಈ ಪತ್ರವನ್ನು ಎಷ್ಟು ಸಲ ಓದಿದೆನೋ. ಕೇಳಿ. ದಯವಿಟ್ಟು ಕೇಳಿ. ನಿಮ್ಮ ಆಟ ಅವರ ಉತ್ತರದಲ್ಲಿದೆ.

ನನಗೆ ಅನ್ನಿಸುವುದು ಹೇಳುತ್ತೇನೆ. ನಿಮ್ಮ ಆಟದಲ್ಲಿ ಚಿನ್ನ ಅಗೆದವನಿಗೆ ಸೇರುತ್ತದೆ. ನಿಮ್ಮ ತಾತನಿಗೆ ಸೇರಲಿಲ್ಲ. ಅವರಿಗೆ ಸೇರಿದ್ದು ಕೂಲಿ, ಧೂಳು ತುಂಬಿದ ಎದೆ, ಲೈನ್ ಮನೆ. ಕೊನೆಕೊನೆಗೆ ಒಂದು ಟನ್ ಕಲ್ಲು ಅರೆದರೆ ಸಿಗುತ್ತಿದ್ದದ್ದು ಕೆಲವೇ ಗ್ರಾಂ ಚಿನ್ನ. ನೀವು ಏನನ್ನು ಎಣಿಸುತ್ತೀರೋ ಅದೇ ನಿಮ್ಮ ಆಟದ ಮಾತು. ಪಾಯಿಂಟ್ ಜಾಗದಲ್ಲಿ ಬೇರೆ ಏನಾದರೂ ಎಣಿಸಿ ನೋಡಿ. ಇಳಿದವರು ಎಷ್ಟು ಜನ, ಹತ್ತಿ ಬಂದವರು ಎಷ್ಟು ಜನ.

ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳ. ಅಷ್ಟು ಕೆಳಗೆ ಬಂಡೆಯೇ ಬಿಸಿ. ಕೇಜ್‌ನಲ್ಲಿ (ಗಣಿಯ ಲಿಫ್ಟ್) ಇಳಿಯುವಾಗ ಕಿವಿ ಕಟ್ಟಿಕೊಳ್ಳುವುದು, ಮೈ ಬೆವರುವುದು, ದೀಪದ ಬೆಳಕು ಬಿದ್ದಷ್ಟೇ ಲೋಕ ಕಾಣುವುದು. ಇವೆಲ್ಲ ಆಟದಲ್ಲಿ ಬರಬಹುದು. ಆದರೆ ನನಗೆ ನಿಮ್ಮ ಜಾಗದಲ್ಲಿ ಆಸೆ ಹುಟ್ಟುವುದು ಮೇಲಿನ ಮನೆಯ ಬಗ್ಗೆ. ಒತ್ತಡ ತಾಳದೆ ಕೆಳಗೆ ಬಂಡೆ ಸಿಡಿದರೆ ಮೇಲೆ ಊರೇ ಅದುರುತ್ತಿತ್ತು. ಆಡುವವರು ಅಡುಗೆಮನೆಯಲ್ಲಿ ನಿಂತ ಅಜ್ಜಿಯಾಗಿರಲಿ. ಗೂಡಿನ ಮೇಲಿನ ಲೋಟ ಗಡಗಡ ಅಂದವು. ಈಗ ಯಾವ ಪಾಳಿ? ಮನೆಯವರು ಯಾವ ಶಾಫ್ಟು? ಗಣಿ ಬಾಗಿಲಿಗೆ ಓಡೋದಾ, ಇಲ್ಲ ಮಲಗಿದ ಮಗುವನ್ನು ಯಾರಿಗಾದರೂ ಒಪ್ಪಿಸೋದಾ? ನೆಲದ ಕೆಳಗಿನ ಒಂದು ಚಿತ್ರವನ್ನೂ ಬರೆಯದೆ ಇಡೀ ಗಣಿಯನ್ನು ತೋರಿಸಬಹುದು.

ಆಮೇಲೆ 2001ರ ಫೆಬ್ರವರಿ 28. ಗಣಿ ಮುಚ್ಚಿದ ದಿನ. ಅಲ್ಲಿಂದ ಮುಂದೆ ನಿಮ್ಮ ಅಪ್ಪನ ಕಾಲ. ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಬರುವವರ ಕಾಲ. ನಿಮ್ಮ ಅಪ್ಪ ಅವರಲ್ಲಿ ಒಬ್ಬರಾ ನನಗೆ ಗೊತ್ತಿಲ್ಲ, ಆದರೆ ನಿಮ್ಮ ಬೀದಿಯಲ್ಲಿ ಯಾರೋ ಒಬ್ಬರು ಖಂಡಿತ ಇರುತ್ತಾರೆ. ಮನೆಯಲ್ಲಿ ತಮಿಳು, ಕಚೇರಿಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಕೇಳುವ ಊರು ನಿಮ್ಮದು. ಆ ಮಾತುಗಳನ್ನು ಹಾಗೇ ಬಿಡಿ, ಎಲ್ಲವನ್ನೂ ಒಂದೇ ಭಾಷೆಗೆ ತಿರುಗಿಸಬೇಡಿ.

ಅಲಾಸ್ಕಾದ ಇನ್ಯೂಪಿಯಾಕ್ ಜನರ ಕಥೆ ಇಟ್ಟುಕೊಂಡು 2014ರಲ್ಲಿ ನೆವರ್ ಅಲೋನ್ ಅನ್ನುವ ಆಟ ಬಂತು. ಮಾಡಿದವರು ಆ ಊರಿನ ಹಿರಿಯರನ್ನು ಜೊತೆಗೆ ಕೂರಿಸಿಕೊಂಡೇ ಮಾಡಿದರು. ಕಥೆ ಹೇಳುವ ದನಿ ಅವರದೇ ಭಾಷೆಯಲ್ಲಿದೆ. ನಿಮಗೆ ಅಷ್ಟು ದೂರ ಹೋಗಬೇಕಿಲ್ಲ. ನಿಮ್ಮ ಮನೆಯ ಜಗಲಿ ಇದೆ. ರೆಕಾರ್ಡಿಂಗ್ ಹಾಕುವ ಮೊದಲು ಮಾತ್ರ ಒಪ್ಪಿಗೆ ಕೇಳಿ.

ಪ್ರಶ್ನೆ: ಗೇಮ್‌ನಲ್ಲಿ ಕನ್ನಡ ಹಾಕಿದ್ರೆ ಒತ್ತಕ್ಷರ ಎಲ್ಲ ಬಿಡಿಬಿಡಿ ಆಗುತ್ತೆ. 'ಅಕ್ಕ' ಬರೆದ್ರೆ ಒತ್ತು ಕೆಳಗೆ ಬರಲ್ಲ. ಬೇಜಾರಾಗಿ ಇಂಗ್ಲಿಷಲ್ಲೇ ಬಿಟ್ಟೆ.
*ಓದುಗರು, ಗೌರಿಬಿದನೂರು*

ನಾನು ಮೊದಲು ಬಳಸಿದ ಇಂಜಿನ್‌ನಲ್ಲೂ (ಆಟ ಕಟ್ಟುವ ಸಾಫ್ಟ್‌ವೇರ್) ಹೀಗೇ ಆಗುತ್ತಿತ್ತು. ಪ್ರತಿ ಸಾಲನ್ನೂ ಚಿತ್ರವಾಗಿ ಮಾಡಿ ಅಂಟಿಸುತ್ತಿದ್ದೆ. ಒಂದು ಅಕ್ಷರ ತಪ್ಪಾದರೆ ಮತ್ತೆ ಚಿತ್ರ. ನಮ್ಮ ಲಿಪಿಯಲ್ಲಿ ಅಕ್ಷರಗಳು ಒಂದರ ಪಕ್ಕ ಒಂದು ಸುಮ್ನೆ ನಿಲ್ಲುವುದಿಲ್ಲ, ಸೇರಿ ಆಕಾರ ಬದಲಿಸುತ್ತವೆ. ಆ ಸೇರಿಸುವ ಕೆಲಸ ಮಾಡುವ ಭಾಗ ಇಂಜಿನ್ ಒಳಗೆ ಇರಬೇಕು. ಗೋಡೋ ಅನ್ನುವ ಉಚಿತ ಇಂಜಿನ್‌ನ ನಾಲ್ಕನೇ ಆವೃತ್ತಿ 2023ರಲ್ಲಿ ಬಂತು, ಅದರಲ್ಲಿ ಈ ಕೆಲಸ ಮಾಡುವ ಹಾರ್ಫ್‌ಬಝ್ ಇದೆ. ನೋಟೊ ಸಾನ್ಸ್ ಕನ್ನಡ ಅಥವಾ ಬಾಲೂ ತಮ್ಮ ಫಾಂಟ್ ಹಾಕಿ, ಎರಡೂ ಉಚಿತ. ಒತ್ತು ಸರಿಯಾಗಿ ಕೂರುತ್ತದೆ. ಅಕ್ಷರ ದೊಡ್ಡದಿರಲಿ. ಕನ್ನಡಕ ಹುಡುಕುವಂತೆ ಮಾಡಬೇಡಿ. ಸಾಲುಗಳ ನಡುವೆಯೂ ಜಾಗ ಬಿಡಿ, ಇಲ್ಲಾಂದ್ರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ.

ಇಂಗ್ಲಿಷಿಗೆ ಮಾತ್ರ ವಾಪಸ್ ಹೋಗಬೇಡಿ. ನನ್ನ ಆಟದಲ್ಲಿ 'ಚಂದ್ರಿಕೆ' (ಹುಳು ಗೂಡು ಕಟ್ಟುವ ತಟ್ಟಿ), 'ಹುಳು ಹಣ್ಣಾಯ್ತು' (ಗೂಡು ಕಟ್ಟೋಕೆ ಸಿದ್ಧವಾಯ್ತು) ಅನ್ನುವ ಮಾತು ಕಂಡ ತಕ್ಷಣ ಅಮ್ಮನ ಹೆದರಿಕೆ ಅರ್ಧ ಹೋಯಿತು.

ಪ್ರಶ್ನೆ: ಮಗಳು ಬಿಸಿಎ ಮುಗಿಸಿ ಗೇಮ್ ಮಾಡ್ತೀನಿ ಅಂತಾಳೆ. ಸರ್ಕಾರ ಗೇಮ್ ಎಲ್ಲ ಬಂದ್ ಮಾಡಿದೆ ಅಂತ ಕೇಳಿದೆ. ಇದರಲ್ಲಿ ಬದುಕು ಇದೆಯಾ?
*ಓದುಗರು, ಮಾಲೂರು*

ಬಂದ್ ಆಗಿದ್ದು ದುಡ್ಡು ಕಟ್ಟಿ ಗೆಲ್ಲುವ ಆಟಗಳು. 2025ರ ಆಗಸ್ಟ್‌ನಲ್ಲಿ ಸಂಸತ್ತು ಆ ಕಾನೂನು ಮಾಡಿತು. ನಿಮ್ಮ ಮಗಳು ಹೇಳುತ್ತಿರುವುದು ಬೇರೆ. ಬದುಕಿನ ಬಗ್ಗೆ ನಿಜ ಹೇಳಬೇಕು. ನನ್ನ ಸ್ವಂತ ಆಟದಿಂದ ಇನ್ನೂ ಒಂದು ರೂಪಾಯಿ ಬಂದಿಲ್ಲ. ವಾರಕ್ಕೆ ಮೂರು ದಿನ ಬೇರೆಯವರಿಗೆ ಕೆಲಸ ಮಾಡಿಕೊಟ್ಟು ಮನೆ ನಡೆಸುತ್ತೇನೆ. ಅಮೆರಿಕದ ಎರಿಕ್ ಬರೋನ್ ಸ್ಟಾರ್‌ಡ್ಯೂ ವ್ಯಾಲಿ ಅನ್ನುವ ಬೇಸಾಯದ ಆಟವನ್ನು ಒಬ್ಬರೇ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಮಾಡಿದರು. 2016ರಲ್ಲಿ ಬಂದ ಮೇಲೆ ಕೋಟಿಗಟ್ಟಲೆ ಪ್ರತಿ ಹೋಯಿತು. ಎಲ್ಲರಿಗೂ ಹಾಗಾಗಲ್ಲ. ಮಗಳು ಮೊದಲು ಒಂದು ಕೆಲಸ ಹಿಡಿಯಲಿ, ಸಂಜೆ ಹೊತ್ತು ತನ್ನ ಆಟ ಮಾಡಲಿ. ಹತ್ತು ನಿಮಿಷದ ಒಂದು ಪುಟ್ಟ ಆಟ ಮುಗಿಸಿ ತೋರಿಸಲಿ. ಆಡಿ ನೋಡುವ ಮೊದಲ ಜನ ನೀವೇ ಆಗಿ. ಅರ್ಥ ಆಗದಿದ್ದರೆ ಆಗಲಿಲ್ಲ ಅಂತಲೇ ಹೇಳಿ.

ಪ್ರಶ್ನೆ: ಆಟ ಅಂದ್ರೆ ಮನಸ್ಸು ಹಗುರ ಆಗ್ಬೇಕು. ಸಾವು, ನಷ್ಟ, ಸಂಕಟ ಎಲ್ಲ ಬದುಕಲ್ಲೇ ಸಾಕಷ್ಟಿದೆ. ಅದನ್ನ ಆಟಕ್ಕೂ ಯಾಕೆ ತರ್ತೀರಿ?
*ನಿವೃತ್ತ ನೌಕರರು, ಮಧುಗಿರಿ*

ನಿಮ್ಮ ಮಾತಿನಲ್ಲಿ ಅರ್ಧ ನಾನು ಪೂರ್ತಿ ಒಪ್ಪುತ್ತೇನೆ. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಾಜಿಟ್ನೋವ್ ಮಾಡಿದ ಟೆಟ್ರಿಸ್‌ನಲ್ಲಿ ಕಥೆಯೇ ಇಲ್ಲ. ಬೀಳುವ ಚೌಕಗಳು, ಅಷ್ಟೇ. ಮಗುವೂ ಆಡುತ್ತದೆ, ಮುದುಕರೂ ಆಡುತ್ತಾರೆ. ನಮ್ಮ ಚೌಕಾಬಾರ, ಅಳಿಗುಳಿ ಮಣೆ ಹಾಗೇ. ಹಳೇ ದೇವಸ್ಥಾನದ ಕಲ್ಲುಹಾಸಿನ ಮೇಲೆ ಕೊರೆದ ಮನೆಗಳನ್ನು ನೀವೂ ನೋಡಿರುತ್ತೀರಿ. ಅಲ್ಲಿ ಕೂತು ಆಡಿದವರು ದೊಡ್ಡವರೇ. ಇಂಥ ಆಟ ಇನ್ನೂ ನೂರು ಬರಲಿ.

ಆದರೆ ಹುಲಿ ಕುರಿ ಆಟ ನೆನಪಿಸಿಕೊಳ್ಳಿ. ಹುಲಿ ಕೆಲವೇ, ಕುರಿ ಜಾಸ್ತಿ. ಕುರಿ ಕಡೆಯವರಿಗೆ ಗೊತ್ತು, ಒಂದೆರಡು ಹೋಗೇ ಹೋಗುತ್ತವೆ. ಯಾವುದನ್ನು ಬಿಡೋದು ಅಂತ ಯೋಚಿಸುತ್ತಾ ತಾತಂದಿರು ಗಂಟೆಗಟ್ಟಲೆ ಕೂರುತ್ತಿದ್ದರು. ನಷ್ಟ ಆ ಆಟದ ಒಳಗೇ ಇತ್ತು. ಅದಕ್ಕೇ ಹುಡುಗರು ಬೇಗ ಎದ್ದು ಹೋಗುತ್ತಿದ್ದರು, ತಾತಂದಿರು ಉಳಿಯುತ್ತಿದ್ದರು.

ನನ್ನ ಆಟದಲ್ಲಿ ಒಂದು ಬೆಳೆ ಹೋಗುತ್ತದೆ. ಹಾಲುತೊಂಡೆ ರೋಗ ಬಂದು ನಾಲ್ಕನೇ ಜ್ವರ ದಾಟಿದ ಹುಳು ಸಾಯುತ್ತವೆ. ಎಷ್ಟು ಚೆನ್ನಾಗಿ ಆಡಿದರೂ ಆ ಒಂದು ಬೆಳೆ ಉಳಿಯುವುದಿಲ್ಲ. ನಮ್ಮ ಮನೆಯಲ್ಲಿ ನನಗೆ ಹನ್ನೊಂದು ವರ್ಷ ಇದ್ದಾಗ ಹಾಗಾಗಿತ್ತು. ಗೂಡು ಮಾರಿ ಬಂದ ದುಡ್ಡಲ್ಲಿ ನನಗೆ ಸೈಕಲ್ ಬರಬೇಕಿತ್ತು. ಅಪ್ಪ ಸತ್ತ ಹುಳುವನ್ನು ಗುಂಡಿಯಲ್ಲಿ ಹಾಕಿ ಮುಚ್ಚಿದ್ದು ಇವತ್ತಿಗೂ ಕಣ್ಣ ಮುಂದಿದೆ. ಇದನ್ನು ಆಟದಲ್ಲಿ ಇಡೋದಾ ಬೇಡವಾ ಅಂತ ತಿಂಗಳುಗಟ್ಟಲೆ ಒದ್ದಾಡಿದೆ. ಕೊನೆಗೆ ಅಮ್ಮನಿಗೆ ಆಡಲು ಕೊಟ್ಟು ಪಕ್ಕದಲ್ಲಿ ಕೂತೆ.

ಹುಳು ಸತ್ತವು. ಅಮ್ಮ ಒಂದು ಕ್ಷಣ ಸುಮ್ಮನಾದರು. ನೊಂದುಕೊಂಡರೇನೋ ಅಂತ ಫೋನ್ ತಗೊಳ್ಳಲು ಕೈ ಚಾಚಿದೆ. ಅವರು ಕೊಡಲಿಲ್ಲ. ಪರದೆಯ ಮೂಲೆ ಮೂಲೆ ಮುಟ್ಟುತ್ತಾ ಏನೋ ಹುಡುಕುತ್ತಿದ್ದರು.

"ಮನೆ ತೊಳೆಯೋದು ಎಲ್ಲಿ?" ಅಂದರು. "ತೊಳೀದೆ ಮುಂದಿನ ಮೊಟ್ಟೆ ಹೆಂಗೆ ತರೋದು?"

ಅದು ನಾನು ಮಾಡಿರಲಿಲ್ಲ. ಬೆಳೆ ಹೋದ ಮೇಲೆ ಸೋತಿರಿ ಅಂತ ಬರೆದು ಬಿಟ್ಟಿದ್ದೆ. ಆ ಸಾಲು ಅಳಿಸಿ ಆಯಿತು. ಎರಡು ವಾರದಿಂದ ಬಕೆಟ್ಟು, ಬ್ಲೀಚಿಂಗ್ ಪುಡಿ, ಪೊರಕೆ ಬರೆಯುತ್ತಿದ್ದೇನೆ. ನೀರಿನ ಸದ್ದು ನಮ್ಮ ಹುಳುಮನೆಯದೇ. ಮೊನ್ನೆ ಅಮ್ಮ ತೊಳೆಯುವಾಗ ರೆಕಾರ್ಡ್ ಮಾಡಿಕೊಂಡೆ.